ಪದ ಒಡೆಯುವ ಕೆಲಸ

ಪದಬಂಧ ಮಾಡಲು ಹೊಸದಾಗಿ ಕೂತವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದ ಸುಳಿವನ್ನು ಓದುವವರು ಬಿಡಿಸಲು ಕೂತವರು ಮಾತ್ರ ಅಲ್ಲ. ಬಿಡಿಸುವವರು ನಿಮ್ಮ ಸ್ನೇಹಿತರು. ನೀವು ದಾರಿ ತಪ್ಪಿಸುತ್ತೀರಿ ಎಂದು ಗೊತ್ತಿದ್ದೇ ಪೆನ್ಸಿಲ್ ಹಿಡಿದಿರುತ್ತಾರೆ. ಉಳಿದವರಿಗೆ ಅದು ಗೊತ್ತಿರುವುದಿಲ್ಲ. ಅವರ ಪಾಲಿಗೆ ಅದು ಪತ್ರಿಕೆಯಲ್ಲಿ ಅಚ್ಚಾದ ಒಂದು ವಾಕ್ಯ, ಅಷ್ಟೇ.

ನಾನು ರಾಯಚೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಜಿಲ್ಲೆಯ ಗಡಿ ದಾಟದ ಪತ್ರಿಕೆ. ಹತ್ತಿ, ಭತ್ತ, ತೊಗರಿಯ ಧಾರಣೆ, ಕಾಲುವೆಗೆ ನೀರು ಬಿಟ್ಟ ಸುದ್ದಿ, ಶ್ರದ್ಧಾಂಜಲಿಯ ಫೋಟೋಗಳು, ಇವುಗಳ ನಡುವೆ ಒಂದು ಮೂಲೆಯಲ್ಲಿ ಪದಬಂಧ. ನಾನು ಸೇರಿದ ಹೊಸದರಲ್ಲಿ ಅದನ್ನು ಸಂಪಾದಕರಾದ ವಿರೂಪಾಕ್ಷಪ್ಪನವರು ತಾವೇ ಮಾಡುತ್ತಿದ್ದರು. ಪುಟವೆಲ್ಲ ಮುಗಿದ ಮೇಲೆ ಕನ್ನಡಕ ಹಣೆಗೇರಿಸಿ, ಅಳತೆಪಟ್ಟಿ ಹಿಡಿದು ಚೌಕ ಎಳೆಯಲು ಕೂತರೆ ಯಾರೂ ಅವರ ಕೋಣೆಗೆ ಹೋಗುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದರು.

"ಯವ್ವಾ, ನನ್ನ ಕಣ್ಣು ಸೋಲಾಕತ್ಯಾವ. ಇನ್ನ ಮ್ಯಾಲ ಈ ಚೌಕ ನೀ ನೋಡು."

"ನನಗ ಬರೂದಿಲ್ರಿ ಸರ್."

"ಯಾರಿಗೂ ಬರೂದಿಲ್ಲ. ಕುಂದ್ರು."

ಆಗ ಎಲ್ಲ ಪತ್ರಿಕೆಗಳಲ್ಲೂ ಸುಳಿವು ಎಂದರೆ ನೇರ ಅರ್ಥ. 'ಸಿಹಿ ವಸ್ತು, ಮೂರಕ್ಷರ' ಎಂದರೆ ಸಕ್ಕರೆ. ವಿರೂಪಾಕ್ಷಪ್ಪನವರಿಗೆ ಅದು ಸೇರುತ್ತಿರಲಿಲ್ಲ. ಅವರು ಬರೆಯುತ್ತಿದ್ದದ್ದು 'ಅಕ್ಕರೆಯ ತಲೆ ಬದಲಾದರೆ ಸಿಹಿ' ಎಂದು. ಅಕ್ಕರೆಯ ತಲೆ, ಅಂದರೆ ಮೊದಲ ಅಕ್ಷರ ಬದಲಾದರೆ ಸಕ್ಕರೆ. ಓದುವವನ ಮನಸ್ಸು ಪ್ರೀತಿಯ ಕಡೆ ಓಡಬೇಕು, ಉತ್ತರ ಅಡುಗೆಮನೆಯ ಡಬ್ಬಿಯಲ್ಲಿರಬೇಕು. "ಸುಳಿವಿಗೆ ಎರಡು ಬಾಗಿಲ ಇರಬೇಕು," ಎನ್ನುತ್ತಿದ್ದರು. "ಮುಂದಿನ ಬಾಗಿಲ ಎಲ್ಲಾರಿಗೂ ಕಾಣ್ಬೇಕು. ಒಳಗ ಹೋಗೂದು ಮಾತ್ರ ಹಿತ್ತಲ ಬಾಗಿಲಿಂದ." ಇನ್ನೊಂದು ನಿಯಮವನ್ನೂ ಅಂದೇ ಹೇಳಿದರು: "ದೇವರು, ಜಾತಿ, ಪಕ್ಷ. ಈ ಮೂರು ಚೌಕದಾಗ ಬರಬಾರದು."

ಮೊದಲ ವರ್ಷ ನಾನು ಮಾಡಿದ್ದೆಲ್ಲ ಒಡ್ಡೊಡ್ಡಾಗಿತ್ತು. ನಿಧಾನವಾಗಿ ಕೈ ಕೂತಿತು. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಮದುವೆ ಕಾರ್ಡು, ಎಲ್ಲವೂ ಕಣ್ಣೆದುರು ಒಡೆದು ತುಂಡಾಗತೊಡಗಿದವು. ಇದು ರೋಗವೇ. ನೆಂಟರು ಮಾತಾಡುವಾಗ ನಾನು ಅವರ ಮಾತು ಕೇಳದೆ ಅದರೊಳಗಿನ ಪದ ಹೆಕ್ಕುತ್ತಿದ್ದೆ. ನಮ್ಮ ಮನೆಯವರು ಇರುವವರೆಗೂ "ಇಕಿ ಊಟಕ್ಕ ಕರದ್ರೂ ಮೊದಲ ಅಕ್ಷರ ಎಣಸ್ತಾಳ" ಎಂದು ನಗುತ್ತಿದ್ದರು.

ತಪ್ಪುಗಳಿಗೆ ಲೆಕ್ಕವಿಲ್ಲ. ಅಚ್ಚಿನ ಮೊಳೆ ಹೋಗಿ ಕಂಪ್ಯೂಟರ್ ಬಂದ ಹೊಸತರಲ್ಲಿ ಅಕ್ಷರಗಳದೇ ದೊಡ್ಡ ಗೋಳು. ನಮಗೆ 'ಕ್ಷ' ಒಂದು ಅಕ್ಷರ, ಒಂದು ಮನೆ. ಕಂಪ್ಯೂಟರು ಅದನ್ನು ಒಡೆದು ಮೂರಾಗಿ ಎಣಿಸಿ ಚೌಕ ಹಿಗ್ಗಿಸಿಬಿಡುತ್ತಿತ್ತು. ಒಮ್ಮೆ ಒಂದು ದಿನದ ಸುಳಿವುಗಳು ಇನ್ನೊಂದು ದಿನದ ಚೌಕದ ಕೆಳಗೆ ಕೂತು ಅಚ್ಚಾದವು. ಬೆಳಗಿನಿಂದ ಬೈಗುಳದ ಫೋನುಗಳು. ಮಧ್ಯಾಹ್ನ ಗಬ್ಬೂರಿನಿಂದ ಯಾರೋ ಹಿರಿಯರು ಮಾಡಿ, "ಇವತ್ತಿಂದು ಭಾಳ ಬಿರಸಿತ್ರಿ, ಆದ್ರೂ ಪೂರಾ ತುಂಬೀನಿ" ಎಂದರು. ಹೇಗೆ ತುಂಬಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ವಿರೂಪಾಕ್ಷಪ್ಪನವರು ಬಹಳ ದಿನ ಅದನ್ನು ಹೇಳಿಕೊಂಡು ನಕ್ಕರು. ಅವರು ಬಾಯಿ ತುಂಬ ನಕ್ಕಿದ್ದು ನಾನು ನೋಡಿದ್ದು ಅದೊಂದೇ.

ಕವಿತಾಳದಿಂದ ಬಂದ ಫೋನು ಬೇರೆಯದು. ಆ ದಿನ ನಾನೊಂದು ಸುಳಿವು ಬರೆದಿದ್ದೆ, ಬರೆದಾಗ ಬಹಳ ಹೆಮ್ಮೆಪಟ್ಟಿದ್ದೆ: 'ತಿರುಗಿ ಬಂದರೂ ಅದೇ ಹೊಸ ಬದುಕು'. ಉತ್ತರ 'ನವಜೀವನ'. ಎಡದಿಂದ ಓದಿದರೂ ಬಲದಿಂದ ಓದಿದರೂ ಅಕ್ಷರಗಳು ಅವೇ. ಪುಟ ಕಟ್ಟುವವರು ಪದಬಂಧವನ್ನು ಮಾಮೂಲಿ ಜಾಗದಿಂದ ಸರಿಸಿ ಒಂದು ಶ್ರದ್ಧಾಂಜಲಿಯ ಪಕ್ಕಕ್ಕೆ ಕೂರಿಸಿದ್ದರು. ಆ ಸಾಲು ಸರಿಯಾಗಿ ಫೋಟೋದ ಬದಿಗೆ ಬಂದಿತ್ತು. ಲಾರಿ ಬಡಿದು ಸತ್ತವನೊಬ್ಬನ ಫೋಟೋ.

ಮಾತಾಡಿದ್ದು ಅವನ ಹೆಂಡತಿ. ಜಗಳದ ದನಿಯಲ್ಲ.

"ಯವ್ವಾ, ತಿರುಗಿ ಬಂದರೂ ಅಂತ ಬರದೀರಲ್ಲ, ಯಾರು ತಿರುಗಿ ಬರ್ತಾರಬೇ? ಮುಂಜಾನಿಂದ ಮಂದಿ ಅವರಪ್ಪಗ ಓದಿ ಓದಿ ಹೇಳಾಕತ್ತಾರ. ಮುದುಕ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಕುಂತಾನ."

ಅದು ಪದಬಂಧದ ಸಾಲು, ನಿಮ್ಮ ಯಜಮಾನರದಲ್ಲ ಎಂದು ಹೇಳಲು ಹೋಗಿ ನನಗೇ ನಾಚಿಕೆಯಾಯಿತು. ಅಂದಿನಿಂದ ಇಡೀ ಪುಟವನ್ನು ಒಂದೇ ವಾಕ್ಯವೆಂಬಂತೆ ಓದಿದ ಮೇಲೆಯೇ ಅಚ್ಚಿಗೆ ಬಿಡುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ಆದರೆ ಅದರಿಂದ ಎಲ್ಲ ಅನಾಹುತವೂ ತಪ್ಪುತ್ತದೆ ಎಂದು ನಂಬಬೇಡಿ.

ಮಹಬೂಬ್ ಸರ್ ನಮ್ಮ ಕಚೇರಿಗೆ ಬಂದದ್ದು ಈ ಫೋನು ಬಂದ ಮಾರನೆಯ ವರ್ಷ. ಮಾನ್ವಿಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಊರು ದೇವದುರ್ಗ. ತೆಳ್ಳಗೆ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಎದುರಿನವರು ಕೂತ ಮೇಲೆಯೇ ಕೂರುವ ಮನುಷ್ಯ. ತಾವು ಮಾಡಿದ ಪದಬಂಧವೊಂದನ್ನು ಮೇಜಿನ ಮೇಲಿಟ್ಟು, "ಅಕ್ಕಾರ, ನಿಮ್ಮ ಚೌಕ ನಾ ದಿನಾ ಬಿಡಸ್ತೀನಿ. ನಂದೊಂದು ನೀವು ಬಿಡಸ್ರಿ ನೋಡೋಣು" ಎಂದರು. ಅರ್ಧ ನನ್ನಿಂದ ಆಗಲಿಲ್ಲ. ವಿರೂಪಾಕ್ಷಪ್ಪನವರನ್ನು ಕರೆದೆ. ಅವರು ನಿಂತೇ ಓದಿ, ಕುರ್ಚಿ ಎಳೆದು ಕೂತು, ಕೊನೆಗೆ "ಸಾಹೇಬ್ರ, ವಾರಕ್ಕೊಂದು ನೀವು ಕೊಡ್ರಿ" ಎಂದರು. ಭಾನುವಾರದ ಪದಬಂಧ ಅವರದಾಯಿತು. ಕೆಳಗೆ 'ರಚನೆ: ಮಹಬೂಬ್' ಎಂದು ಅಚ್ಚಾಗಬೇಕು ಎಂದು ಸಂಪಾದಕರೇ ಹೇಳಿದರು. ನನ್ನ ಹೆಸರು ಎಂದೂ ಅಚ್ಚಾಗಿರಲಿಲ್ಲ. ಆದರೂ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಒಳ್ಳೆಯ ಸುಳಿವು ಬಿಡಿಸಿದಾಗ ಆಗುವ ಸಂತೋಷ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

ಮಹಬೂಬ್ ಸರ್ ಅವರ ತಂದೆಗೆ ದೇವದುರ್ಗದ ಬಜಾರಿನಲ್ಲಿ ಎತ್ತಿನ ಸಾಮಾನಿನ ಅಂಗಡಿ ಇತ್ತಂತೆ. ಹಗ್ಗ, ಮೂಗುದಾರ, ಗೆಜ್ಜೆ, ಗೊಂಡೆ, ಕೊರಳಿಗೆ ಕಟ್ಟುವ ಗಂಟೆ. ಎತ್ತು ಸಿಂಗರಿಸುವ ಕಾರಹುಣ್ಣಿಮೆಯ ಮುಂಚೆ ಜಾಲಹಳ್ಳಿ, ಗಬ್ಬೂರಿನ ಕಡೆಯಿಂದ ರೈತರು ಬಂದು ಅಂಗಡಿಯ ಮುಂದೆ ಗುಂಪುಗೂಡುತ್ತಿದ್ದರಂತೆ. "ನಮ್ಮಪ್ಪಗ ಓದು ಬರ್ತಿದ್ದಿಲ್ರಿ," ಎಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದರು. "ಆದ್ರ ರೈತರ ಕೂಡ ಮಾತಾಡಿ ಮಾತಾಡಿ ಕನ್ನಡ ಹಂಗ ಬಾಯಾಗ ಆಡ್ತಿತ್ತು. ಮನ್ಯಾಗ ದಖ್ಖನಿ ಉರ್ದು. ಅಂಗಡ್ಯಾಗ ಕನ್ನಡ. ಒಂದ ಮಾತಿಗೆ ಎರಡು ಅರ್ಥ ಹಚ್ಚಿ ನಗಸ್ತಿದ್ದ. ಟ್ರ್ಯಾಕ್ಟರ್ ಬಂದ್ವು, ಎತ್ತು ಹೋದ್ವು, ಗೊಂಡೆ ಕೇಳವ್ರಿಲ್ಲ. ಮುಂದ ಅಂಗಡಿ ಬಾಗಿಲ ತಗದ್ರೂ ನಮ್ಮಪ್ಪ ಸುಮ್ಮನ ಕುಂತಿರ್ತಿದ್ದ."

ಬಿಡಿಸುವವರಲ್ಲಿ ಮಹಬೂಬ್ ಸರ್ ಅವರನ್ನು ಅತಿಯಾಗಿ ಮೆಚ್ಚಿದವರು ಮಾನ್ವಿಯ ಶರಣಪ್ಪನವರು. ಅಕ್ಕಿ ಗಿರಣಿಯ ಮಾಲೀಕರು, ಮಾತಿಗೆ ತೂಕವಿದ್ದ ಮನುಷ್ಯ, ಹಣೆಯಲ್ಲಿ ವಿಭೂತಿ ಇಲ್ಲದೆ ಹೊರಗೆ ಕಾಲಿಡದವರು. ಭಾನುವಾರ ಪೂಜೆ ಮುಗಿಸಿ ಪದಬಂಧ ಬಿಡಿಸಿ ಕಚೇರಿಗೆ ಫೋನು ಮಾಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. "ಅಕ್ಕಾರ, ನಿಮ್ಮ ಸಾಹೇಬ್ರು ಇವತ್ತ ನನ್ನ ಬೆವರ ಇಳಿಸ್ಯಾರ" ಎಂದು ಶುರುಮಾಡಿ ಒಂದೊಂದೇ ಸುಳಿವು ಹೇಳಿ ನಗುತ್ತಿದ್ದರು. ಇಬ್ಬರೂ ಇದ್ದದ್ದು ಮಾನ್ವಿಯಲ್ಲೇ. ಸಂಜೆ ಗಿರಣಿಯ ಮುಂದಿನ ಬೆಂಚಿನಲ್ಲಿ ಕೂತು ಇಬ್ಬರೂ ಪದ ಒಡೆಯುತ್ತಿದ್ದರೆಂದು ಕೇಳಿದ್ದೇನೆ. ಹಾಗೆ ಬಹಳ ವರ್ಷ ಸುಖವಾಗಿಯೇ ನಡೆಯಿತು.

ವಿರೂಪಾಕ್ಷಪ್ಪನವರು ತೀರಿಕೊಂಡ ಮೇಲೆ ಅವರ ಅಳಿಯ ಪ್ರಸನ್ನ ಪತ್ರಿಕೆ ವಹಿಸಿಕೊಂಡರು. ಕೆಟ್ಟವರಲ್ಲ. ಮಾವನಿಗೆ ಕನ್ನಡದ ಮೇಲಿದ್ದ ಆಸೆ ಅಳಿಯನಿಗೆ ಪತ್ರಿಕೆ ಉಳಿಸಿಕೊಳ್ಳುವುದರ ಮೇಲಿತ್ತು, ಅಷ್ಟೇ ವ್ಯತ್ಯಾಸ. ಈ ಕಾಲದಲ್ಲೇ ಓದುಗರು ಕೇಳಿಕೊಂಡರೆಂದು ಕಠಿಣ ಸುಳಿವುಗಳಿಗೆ ಮಾರನೆಯ ದಿನ ವಿವರಣೆ ಅಚ್ಚು ಹಾಕುವ ಪದ್ಧತಿ ಶುರುವಾಯಿತು. ಪದ ಹೇಗೆ ಒಡೆಯಿತು ಎಂದು ಒಂದು ಸಾಲು, ಅದರಡಿಯಲ್ಲಿ ರಚಿಸಿದವರ ಹೆಸರು.

ಒಂದು ಭಾನುವಾರ ಮಹಬೂಬ್ ಸರ್ ಕೊಟ್ಟ ಸುಳಿವು ಇದು: 'ಎತ್ತು ಇಲ್ಲವಾದರೆ ಬಳಲು'. ನಾಲ್ಕು ಅಕ್ಷರ.

ಎತ್ತು ಎಂದರೆ ಮೇಲಕ್ಕೆತ್ತುವುದು ಎಂದುಕೊಂಡು ನಾನು ಮೊದಲು ಅಡ್ಡದಾರಿ ಹಿಡಿದೆ. ಇದು ದನದ ಎತ್ತು. ಎತ್ತು ಎಂದರೆ ಬಸವ. ಇಲ್ಲವಾಗು ಎಂದರೆ ಅಳಿ. ಬಸವ, ಅಳಿ, ಕೂಡಿದರೆ 'ಬಸವಳಿ'. ಬಸವಳಿ ಎಂದರೆ ಬಳಲು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವರ ತಂದೆಯ ಅಂಗಡಿಯ ಕಥೆ ಗೊತ್ತಿದ್ದ ನನಗೆ ಆ ಸಾಲು ಬರೀ ಆಟವಾಗಿ ಕಾಣಲಿಲ್ಲ. ಫೋನು ಮಾಡಿ, "ಸರ್, ಇದು ನಿಮ್ಮ ಅಪ್ಪಾವ್ರ ಬಗ್ಗೆ ಬರದೀರಲ್ರಿ" ಎಂದೆ. "ನಿಮಗ ತಿಳೀತಲ್ಲ, ಸಾಕ್ರಿ" ಎಂದರು. ಶರಣಪ್ಪನವರೂ ಅಂದು ಫೋನು ಮಾಡಿದ್ದರು. "ಇಂಥಾದ್ದು ನಾ ಕಂಡೇ ಇಲ್ಲ ಅಕ್ಕಾರ. ಕಣ್ಣಾಗ ನೀರು ಬಂತು" ಎಂದಿದ್ದರು.

ಸೋಮವಾರ ವಿವರಣೆ ಅಚ್ಚಾಯಿತು: 'ಬಸವ + ಅಳಿ'. ಅದರಡಿಯಲ್ಲಿ, ಎಂದಿನಂತೆ, 'ರಚನೆ: ಮಹಬೂಬ್'.

ಯಾರೋ ಅಷ್ಟನ್ನೇ ಫೋಟೋ ತೆಗೆದರು. ಸುಳಿವಿಲ್ಲ, ಚೌಕವಿಲ್ಲ, ಪದಬಂಧವೆಂಬ ಹೆಸರೂ ಇಲ್ಲ. ನಡುವಿನ ಕೂಡಿಸುವ ಗುರುತು ಕೂಡ ಅಳಿಸಿಹೋಗಿತ್ತು. ಉಳಿದದ್ದು ಎರಡು ಪದ, ಕೆಳಗೊಂದು ಹೆಸರು. ಮಧ್ಯಾಹ್ನದೊಳಗೆ ಅದು ಫೋನಿನಿಂದ ಫೋನಿಗೆ ಹಾರಿ ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರು ಸುತ್ತಿತ್ತು. ನಮ್ಮ ಸೀಮೆಯಲ್ಲಿ ಬಸವ ಎಂದರೆ ಎತ್ತು. ಬಸವ ಎಂದರೆ ಮನೆಮನೆಯಲ್ಲಿ ಕೈಮುಗಿಯುವ ಹೆಸರೂ ಹೌದು. ಎತ್ತಿಗೂ ಕೈಮುಗಿಯುವ ಜನ ನಾವು. ಆ ಫೋಟೋ ನನ್ನ ತಂಗಿಯ ಮಗನ ಫೋನಿಗೂ ಬಂದಿತ್ತು. ಅವನು ನನಗೇ ಕಳಿಸಿ, "ದೊಡ್ಡಮ್ಮ, ನಿಮ್ಮ ಪೇಪರಿನಾಗ ಹಿಂಗ ಬರದಾರಂತಲ್ಲ, ಖರೇನ?" ಎಂದು ಕೇಳಿದ್ದ. ನಾನು ಮೊದಲ ಸಲ ಆ ಎರಡು ಪದಗಳನ್ನು ಬಿಡಿಸಲು ಕೂರದವರ ಕಣ್ಣಿನಿಂದ ಓದಿದೆ.

ಸಂಜೆ ಕಚೇರಿಯ ಮುಂದೆ ಜನ ಸೇರಿದರು. ಪತ್ರಿಕೆಯ ಕಟ್ಟುಗಳನ್ನು ರಸ್ತೆಗೆ ಎಳೆದು ಸುಟ್ಟರು. ಪೊಲೀಸರು ಬಂದರು. ಇನ್‌ಸ್ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಮೈಸೂರು ಕಡೆಯವರು. ನಾನು ಭಾನುವಾರದ ಪುಟ ಹರಡಿ, ಸುಳಿವು ತೋರಿಸಿ, ಪದ ಹೇಗೆ ಒಡೆಯುತ್ತದೆ, ಮತ್ತೆ ಹೇಗೆ ಕೂಡುತ್ತದೆ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು.

"ಗೊತ್ತಾಯ್ತು ಮೇಡಂ. ಚೆನ್ನಾಗಿದೆ," ಎಂದರು. ನಿಜವಾಗಿಯೂ ಮೆಚ್ಚಿದ್ದರು. ಮತ್ತೆ ಕಿಟಕಿಯ ಕಡೆ ನೋಡಿ, "ನನಗೆ ಕೂರಿಸಿ ಹೇಳಿದ್ರಿ, ನನಗೆ ಅರ್ಥ ಆಯ್ತು. ಅಲ್ಲಿ ನಿಂತಿರೋರನ್ನ ಒಬ್ಬೊಬ್ಬರನ್ನೇ ಕರೆದು ಕೂರಿಸಿ ಹೇಳ್ತೀರಾ?" ಎಂದರು.

ನಾನು ಪುಟ ಮಡಚಿದೆ. ಮಹಬೂಬ್ ಸರ್‌ಗೆ ಫೋನು ಮಾಡಿ ಮನೆ ಬಿಟ್ಟು ಹೊರಗೆ ಬರಬೇಡಿ ಎಂದೆ. "ಯಾಕ್ರಿ ಅಕ್ಕಾರ, ಕೇಳಿದ್ರ ಹೇಳ್ತೀನಿ. ಪದ ಸರಿ ಅದ" ಎಂದರು. ಪದ ಸರಿ ಇದ್ದರೆ ಸಾಕು ಎಂದು ಆ ಮನುಷ್ಯ ಇನ್ನೂ ನಂಬಿದ್ದರು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕಾಲೇಜಿಗೆ ಹೋದರು. ಗೇಟಿನ ಹತ್ತಿರ ಕಾಯುತ್ತಿದ್ದವರು ಮುಖಕ್ಕೆ ಮಸಿ ಬಳಿದರು. ಅದನ್ನೂ ಯಾರೋ ಫೋಟೋ ತೆಗೆದು ಹರಡಿದರು. ಬಿಳಿ ಅಂಗಿಯ ಮೇಲೆಲ್ಲ ಮಸಿ ಇಳಿದಿತ್ತು. ಕನ್ನಡಕ ಕೈಯಲ್ಲಿತ್ತು. ಅವರು ಯಾರ ಕಡೆಯೂ ನೋಡುತ್ತಿರಲಿಲ್ಲ.

ಎರಡು ದಿನ ಬಿಟ್ಟು ನಾನು ಬಸ್ಸು ಹಿಡಿದು ಮಾನ್ವಿಗೆ ಹೋದೆ. ಅವರ ಹೆಂಡತಿ ನಸೀಮಾ ಬಾಗಿಲು ತೆರೆದರು. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಸರ್ ಅವರ ಕಿವಿಯ ಹಿಂದೆ, ಹುಬ್ಬಿನ ಬುಡದಲ್ಲಿ ಕಪ್ಪು ಉಳಿದಿತ್ತು. ಮಹಬೂಬ್ ಸರ್ ಎದ್ದು ನಿಂತು, ನಾನು ಕೂತ ಮೇಲೆ ಕೂತರು.

"ಬಳಿದ ಹುಡುಗ ನನ್ನ ವಿದ್ಯಾರ್ಥಿರಿ," ಎಂದರು. "ಹ್ವಾದ ವರ್ಷ ಪಾಸಾದ. ವ್ಯಾಕರಣ ಛಲೋ ಬರ್ತಿತ್ತು ಅವಗ. ಬಸವ, ಅಳಿ, ಕೂಡಿದ್ರ ನಡುವಿನ ಒಂದು ಸ್ವರ ಬಿಟ್ಟು ಹೋಗ್ತದ, ಲೋಪಸಂಧಿ. ನಾನೇ ಕಲಿಸಿದ್ದು. ಅಂವಗ ಗೊತ್ತಿರಬೇಕಾಗಿತ್ತು ಅಕ್ಕಾರ."

"ಅವನ ಮಾತ ಬಿಡ್ರಿ ಸರ್."

"ಹ್ಯಾಂಗ ಬಿಡ್ಲಿ? ಬ್ಯಾರೇದವ್ರು ಬಳಿದಿದ್ರ ಬಿಡ್ತಿದ್ದೆ."

ನಸೀಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವರು ಗೋಡಿ ಕಡೆ ಮುಖ ಮಾಡಿ ಮಲಗ್ತಾರ್ರಿ. ಉಣ್ಣಾಕ ಏಳಂಗಿಲ್ಲ. ನೀವರ ಹೇಳ್ರಿ" ಎಂದರು. ಅಲ್ಲಿಂದ ನೇರ ಶರಣಪ್ಪನವರ ಗಿರಣಿಗೆ ನಡೆದೆ.

ಗಿರಣಿಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಮರುದಿನ ತಹಸೀಲ್ ಕಚೇರಿಯಲ್ಲಿ ಶಾಂತಿ ಸಭೆ ಇತ್ತು. ಊರಿನ ಹಿರಿಯರೆಲ್ಲ ಬರುತ್ತಿದ್ದರು.

"ನೀವು ಎದ್ದು ನಿಂತು ಒಂದು ಮಾತು ಹೇಳ್ರಿ," ಎಂದೆ. "ಇದು ಎತ್ತಿನ ಮಾತು, ಬ್ಯಾರೆ ಅಲ್ಲ ಅಂತ. ನೀವು ಹೇಳಿದ್ರ ಕೇಳ್ತಾರ. ನಿಮ್ಮ ಭಕ್ತಿ ಎಲ್ಲಾರಿಗೂ ಗೊತ್ತದ."

"ನನಗ ಗೊತ್ತದ ಅಕ್ಕಾರ, ಅವರ ಮನಸು ಎಂಥಾದ್ದು ಅಂತ. ನಿಮಗಿಂತ ಹೆಚ್ಚು ಗೊತ್ತದ."

"ಮತ್ತ?"

ಅವರು ಪಕ್ಕದ ಚೀಲದಿಂದ ಹಿಡಿ ಅಕ್ಕಿ ತೆಗೆದು, ಅಂಗೈಯಲ್ಲಿ ಉಜ್ಜಿ ನೋಡಿ, ಮತ್ತೆ ಚೀಲಕ್ಕೆ ಹಾಕಿದರು. "ಬರ್ತೀನಿ ಸಭಿಗೆ" ಎಂದರು.

ಬಂದರು. ಮೊದಲ ಸಾಲಿನಲ್ಲೇ ಕೂತರು. ನಾನು ಪತ್ರಿಕೆಯ ಪರವಾಗಿ ಎದ್ದು ಸುಳಿವನ್ನು ಓದಿ ವಿವರಿಸುತ್ತಿದ್ದಾಗ ಹಿಂದಿನಿಂದ ಒಬ್ಬ ಯುವಕ, "ನಮಗ ಪಾಠ ಬ್ಯಾಡ್ರಿ. ಆ ಪದ ಅಚ್ಚಾಗ್ಯದೋ ಇಲ್ಲೋ, ಅಷ್ಟ ಹೇಳ್ರಿ" ಎಂದ. ಅಚ್ಚಾಗಿತ್ತು. ಆಗ ನಾನು ಶರಣಪ್ಪನವರ ಕಡೆ ನೋಡಿದೆ. ಗೋಡೆಯ ಬದಿಗೆ ಕೂತಿದ್ದ ಮಹಬೂಬ್ ಸರ್ ಕೂಡ ನೋಡಿದರು. ಶರಣಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. ಏಳಲಿಲ್ಲ. ಸಭೆ ಮುಗಿಯುವವರೆಗೆ ಆ ಟವೆಲ್ಲಿನಿಂದ ಕಣ್ಣು ಎತ್ತಲಿಲ್ಲ.

ಮಹಬೂಬ್ ಸರ್ ಎದ್ದು ಕೈಮುಗಿದು, "ನನ್ನಿಂದ ಯಾರ ಮನಸಿಗಾದ್ರೂ ನೋವು ಆಗಿದ್ರ ತಪ್ಪಾತ್ರಿ" ಎಂದರು. ಅಷ್ಟಕ್ಕೆ ಸಭೆ ಮುಗಿಯಿತು. ಎಲ್ಲರೂ ಸಮಾಧಾನವಾದರು, ಚಹಾ ಬಂತು. ಮಸಿ ಬಳಿದ ಹುಡುಗನೂ ಅಲ್ಲೇ ಇದ್ದ. ಅವನೇ ಬಂದು ಸರ್‌ಗೆ ಚಹಾದ ಲೋಟ ಕೊಟ್ಟ. ಅವರು ತೆಗೆದುಕೊಂಡರು, ಕುಡಿಯಲಿಲ್ಲ.

ಪತ್ರಿಕೆಯ ಮೊದಲ ಪುಟದಲ್ಲಿ ವಿಷಾದ ಅಚ್ಚಾಯಿತು. ಪ್ರಸನ್ನ ಅದನ್ನು ನನ್ನ ಕೈಲೇ ಬರೆಸಿದರು. 'ಪದಬಂಧದಲ್ಲಿ ನುಸುಳಿದ ತಪ್ಪಿಗಾಗಿ' ಎಂದು ಶುರುವಾಗಬೇಕು ಎಂದರು. ತಪ್ಪು ಎಲ್ಲಿದೆ ಎಂದು ನಾನು ಕೇಳಿದೆ. "ಮೇಡಂ, ನನಗೂ ಗೊತ್ತು ತಪ್ಪಿಲ್ಲ ಅಂತ. ಜಾಹೀರಾತು ಕೊಡೋರು ಒಬ್ಬೊಬ್ಬರಾಗಿ ಬಿಡಾಕತ್ತಾರ. ಇಷ್ಟು ಜನರ ಅನ್ನ ನೋಡ್ಲ್ಯಾ, ಒಂದು ಪದ ನೋಡ್ಲ್ಯಾ?" ಎಂದರು. ಅವರ ಜಾಗದಲ್ಲಿ ವಿರೂಪಾಕ್ಷಪ್ಪನವರಿದ್ದರೆ ಏನು ಮಾಡುತ್ತಿದ್ದರು ಎಂದು ಬಹಳ ಸಲ ಯೋಚಿಸಿದ್ದೇನೆ. ಬೇರೇನೋ ಮಾಡುತ್ತಿದ್ದರು ಎಂದು ಹೇಳುವ ಧೈರ್ಯ ನನಗಿಲ್ಲ. ಸತ್ತವರಿಗೆ ಪರೀಕ್ಷೆ ಇರುವುದಿಲ್ಲ.

ಕಾಲೇಜಿನವರು ಮಹಬೂಬ್ ಸರ್‌ಗೆ ಕೆಲವು ದಿನ ರಜೆ ಹಾಕಲು ಹೇಳಿದರು. ರಜೆ ಮುಗಿಸಿ ಹೋದಾಗ ಕನ್ನಡ ಪಾಠಕ್ಕೆ ಬೇರೊಬ್ಬರು ಬಂದಿದ್ದರು. ಇವರಿಗೆ ಕಚೇರಿಯಲ್ಲಿ ಕೂರುವ ಕೆಲಸ. ಒಂದೆರಡು ತಿಂಗಳು ಹೋಗಿಬಂದು, ಒಂದು ದಿನ ಬಿಟ್ಟುಬಿಟ್ಟರು. ಬಾಡಿಗೆ ಮನೆ ಖಾಲಿ ಮಾಡಿ ದೇವದುರ್ಗಕ್ಕೆ ಬಂದಿದ್ದೇವೆ ಎಂದು ನಸೀಮಾ ಫೋನಿನಲ್ಲಿ ಹೇಳಿದರು. ಭಾನುವಾರ ಶರಣಪ್ಪನವರ ಫೋನು ಬರುವುದು ನಿಂತಿತು. ನಾನೂ ಮಾಡಲಿಲ್ಲ.

ಮುಂದೆ ನಮ್ಮ ಪತ್ರಿಕೆ ಪದಬಂಧವನ್ನು ಬೆಂಗಳೂರಿನ ಒಂದು ಕಂಪನಿಯಿಂದ ತರಿಸತೊಡಗಿತು. ಮೇಲ್‌ನಲ್ಲಿ ಬರುತ್ತದೆ, ಹಾಗೇ ಪುಟಕ್ಕೆ ಹೋಗುತ್ತದೆ. 'ಒಂದು ಹಣ್ಣು', 'ರಾತ್ರಿಯ ವಿರುದ್ಧ ಪದ'. ಯಾರ ಮನಸ್ಸೂ ನೋಯುವುದಿಲ್ಲ. ಯಾರೂ ಫೋನೂ ಮಾಡುವುದಿಲ್ಲ. ನಿವೃತ್ತಿಯವರೆಗೆ ನಾನು ಅದರ ಅಕ್ಷರದೋಷ ತಿದ್ದುತ್ತಿದ್ದೆ. ನನ್ನ ಬೀಳ್ಕೊಡುಗೆಯಲ್ಲಿ ಮಾತಾಡಿದವರು ಧಾರಣೆಯ ಪುಟವನ್ನು ಎಷ್ಟು ಅಚ್ಚುಕಟ್ಟಾಗಿ ನೋಡಿಕೊಂಡೆ ಎಂದು ಹೊಗಳಿದರು. ಪದಬಂಧದ ಹೆಸರು ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಎಲ್ಲರಿಗೂ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ದಿನ ದೇವದುರ್ಗಕ್ಕೆ ಹೋದೆ. ತಂದೆಯ ಅಂಗಡಿಯನ್ನೇ ಮಹಬೂಬ್ ಸರ್ ಮತ್ತೆ ತೆರೆದಿದ್ದರು. ಪ್ಲಾಸ್ಟಿಕ್ ಕೊಡ, ಬಕೆಟ್, ನೈಲಾನ್ ಹಗ್ಗದ ಸುರುಳಿಗಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಅಕ್ಕಾರ, ಕುಂದ್ರಿ" ಎಂದರು. ನಾನು ಕೂತ ಮೇಲೆ ಕೂತರು. ಗಿರಾಕಿಗಳು ಬಂದಾಗ ಬೆರಳಿನಿಂದ ವಸ್ತು ತೋರಿಸುತ್ತಿದ್ದರು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಒಬ್ಬ ರೈತ ಹಗ್ಗ ಎಳೆದು ನೋಡಿ, "ಇದು ಎಷ್ಟ ದಿನ ಹಿಡಿತದ ಮಾವಾ?" ಎಂದು ನಕ್ಕ. ಹಗ್ಗ ಬಿಗಿಯಾಗಿ ಹಿಡಿಯುವುದು ಒಂದರ್ಥ, ದಿನ ಹಿಡಿಯುವುದು ಅಂದರೆ ಬಾಳಿಕೆ ಬರುವುದು ಇನ್ನೊಂದು. ಮೊದಲಿನ ಮಹಬೂಬ್ ಸರ್ ಆಗಿದ್ದರೆ ಅದನ್ನು ಬಿಡುತ್ತಿರಲಿಲ್ಲ. "ಗಟ್ಟಿ ಅದ" ಎಂದರು, ಸುತ್ತಿ ಕೊಟ್ಟರು.

ನಾನು ದಾರಿಯುದ್ದಕ್ಕೂ ಯೋಚಿಸಿ ಒಂದು ಸುಳಿವು ಮಾಡಿಕೊಂಡು ಹೋಗಿದ್ದೆ. ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ: 'ಹಿಂದಿನಿಂದ ನೋಡಿದರೂ ಕಣ್ಣೇ. ಮೂರು ಅಕ್ಷರ.' ನಯನ. ಬಿಡಿಸಲು ಅವರಿಗೆ ಉಸಿರು ಎಳೆಯುವಷ್ಟು ಹೊತ್ತೂ ಬೇಡ. ಅವರು ಓದಿದರು. ಕಣ್ಣಿನಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು. "ಛಲೋ ಅದ್ರಿ" ಎಂದು ಚೀಟಿಯನ್ನು ನನ್ನ ಕಡೆಗೇ ಸರಿಸಿದರು.

"ಉತ್ತರ ಹೇಳ್ರಿ ಸರ್."

"ಬ್ಯಾಡ್ರಿ."

"ಇಲ್ಲಿ ನಾವಿಬ್ಬರ ಅದೀವಿ."

"ಅದಕ್ಕ ಬ್ಯಾಡ್ರಿ ಅಕ್ಕಾರ. ಒಂದು ಶುರುವಾತಂದ್ರ ನಿಲ್ಲಂಗಿಲ್ಲ. ಮುಂಜಾನಿ ಗಿರಾಕಿ ಕೂಡ ಮಾತಾಡೂ ಮುಂದ ಬಾಯಾಗ ಬಂದುಬಿಡ್ತದ. ಯಾರ ಹ್ಯಾಂಗ ತಿಳಕೊಂಡಾರು?"

ಶರಣಪ್ಪನವರ ವಿಷಯ ನಾನಾಗಿ ಎತ್ತಲಿಲ್ಲ. ಅವರೇ ಹೇಳಿದರು. ಕಳೆದ ವರ್ಷ ಶರಣಪ್ಪನವರು ಅಂಗಡಿಗೆ ಬಂದಿದ್ದರಂತೆ. ಒಂದು ಬಕೆಟ್ ಕೊಂಡು, ಬಹಳ ಹೊತ್ತು ನಿಂತು, ಹೋದರಂತೆ. "ಅವರ ಗಿರಣಿ ಮುಂದ ಬಕೆಟ್ ಅಂಗಡಿ ಸಾಲಾಗಿ ಅವ," ಎಂದರು ಮಹಬೂಬ್ ಸರ್. "ನಾ ಏನೂ ಅನ್ನಲಿಲ್ರಿ. ಅವರೂ ಏನೂ ಅನ್ನಲಿಲ್ಲ."

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು. ಬೇಡವೆಂದರೂ ಕೇಳಲಿಲ್ಲ. ರಾಯಚೂರಿನ ಬಸ್ಸು ಬಂದು ನಿಂತಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದಿನಿಂದ, "ಹುಷಾರಾಗಿ ಹೋಗ್ರಿ ಅಕ್ಕಾರ. ಕತ್ತಲೆ ಆಗಾಕತ್ತದ" ಎಂದರು.

ನನ್ನ ರೋಗ ಇನ್ನೂ ಬಿಟ್ಟಿರಲಿಲ್ಲ. ಕತ್ತು, ಅಲೆ, ಕೂಡಿದರೆ ಕತ್ತಲೆ. ಕೊರಳ ತನಕ ಬಂದ ತೆರೆ. ನಾನು ತಿರುಗಿ ನಿಂತೆ. ಅವರ ಬಾಯಿಂದ ತಾನಾಗಿಯೇ ಒಂದು ಬಂದುಬಿಟ್ಟಿತೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಬಸ್ಸಿನ ಬಾಗಿಲಲ್ಲಿ ನಿಂತೇ ಕೂಗಿದೆ.

"ಕತ್ತು, ಅಲೆ! ಹೌದಲ್ರಿ ಸರ್?"

ಅವರು ಗಾಬರಿಯಾಗಿ ಅತ್ತಿತ್ತ ನೋಡಿದರು. ಆಮೇಲೆ ಬಸ್ಸಿನ ಹತ್ತಿರ ಬಂದು, ಸಣ್ಣ ದನಿಯಲ್ಲಿ, ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದರು.

"ಇಲ್ರಿ ಅಕ್ಕಾರ. ಎರಡಿಲ್ಲ, ಒಂದ ಅರ್ಥ. ಹೊತ್ತು ಮುಳುಗಾಕತ್ತದ, ಅಷ್ಟ."